ಸ್ಥೂಲಫಲ, ಸೂಕ್ಷ್ಮಫಲ: ಚತುರ್ಭುಜದ ಅಳತೆಯೂ ಅಚೌರ್ಯವ್ರತವೂ

ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಎಣಿಸುತ್ತದೆ. ಕಳವಿಗೆ ಪ್ರೇರಣೆ ನೀಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಗೆ ವಿರುದ್ಧವಾಗಿ ವ್ಯವಹರಿಸುವುದು, ಅಸಲಿಗೆ ನಕಲಿಯನ್ನು ಬೆರೆಸುವುದು, ಇವು ನಾಲ್ಕು. ಉಳಿದ ಒಂದಕ್ಕೆ ಹೀನಾಧಿಕ ಮಾನೋನ್ಮಾನ ಎಂದು ಹೆಸರು. ಕೊಡುವಾಗ ಕಿರಿದಾದ ಅಳತೆ, ಕೊಳ್ಳುವಾಗ ಹಿರಿದಾದ ಅಳತೆ ಎಂಬುದು ಇದರ ತಾತ್ಪರ್ಯ. ಕನ್ನಡ ನಾಡಿನವರೇ ಆದ ಪೂಜ್ಯಪಾದಾಚಾರ್ಯರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ ಧಾನ್ಯ ಅಳೆಯುವ ಪ್ರಸ್ಥವನ್ನೂ ತೂಗುವ ತಕ್ಕಡಿಯನ್ನೂ ನಿದರ್ಶನವಾಗಿ ಹೇಳುತ್ತಾರೆ. ನಮ್ಮ ವರ್ತಕ ಮನೆತನಗಳಲ್ಲಿ ಈ ಅತಿಚಾರದ ವಿಷಯವನ್ನು ಮಕ್ಕಳಿಗೆ ತಿಳಿಸಿ ಹೇಳುವಾಗಲೂ ಅಂಗಡಿಯ ತಕ್ಕಡಿಯೇ ಎದುರಿಗೆ ಬರುತ್ತದೆ.

ಆದರೆ ಅಳತೆಗೊಳಪಡುವ ವಸ್ತುಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಭೂಮಿ. ಭೂಮಿಯನ್ನು ಯಾರೂ ಕೊಳಗಕ್ಕೆ ತುಂಬಿ ಅಳೆಯುವುದಿಲ್ಲ. ಅಂಚುಗಳನ್ನು ಕೋಲಿನಿಂದಲೋ ಹಗ್ಗದಿಂದಲೋ ಅಳೆದು, ದೊರೆತ ಸಂಖ್ಯೆಗಳಿಗೆ ಒಂದು ಸೂತ್ರವನ್ನು ಹಚ್ಚಿ, ವಿಸ್ತೀರ್ಣವನ್ನು ಲೆಕ್ಕದಿಂದ ಪಡೆಯುತ್ತಾರೆ. ಕೋಲು ಸರಿಯಾಗಿದ್ದು, ಹಿಡಿದವನ ಕೈಯೂ ಪ್ರಾಮಾಣಿಕವಾಗಿದ್ದು, ಸೂತ್ರವೇ ಒಂದು ಪಕ್ಕಕ್ಕೆ ವಾಲಿದ್ದರೆ? ಆ ವಾಲಿಕೆ ಯಾವಾಗಲೂ ಒಂದೇ ದಿಕ್ಕಿಗೆ ಇದ್ದರೆ? ಹನ್ನೊಂದು ಶತಮಾನಗಳಿಗೂ ಹಿಂದೆ ನಮ್ಮ ನಾಡಿನ ಜೈನ ಗಣಿತಜ್ಞರೊಬ್ಬರು ಬರೆದ ಗ್ರಂಥವನ್ನು ಓದುವಾಗ ಈ ಪ್ರಶ್ನೆ ತಾನಾಗಿ ಏಳುತ್ತದೆ.

ಮಹಾವೀರಾಚಾರ್ಯರ ಗಣಿತಸಾರಸಂಗ್ರಹವು ಕ್ರಿ.ಶ. 850ರ ಸುಮಾರಿಗೆ ರಚಿತವಾದ ಸಂಸ್ಕೃತ ಗ್ರಂಥ. ಸಂಖ್ಯಾಜ್ಞಾನವೆಂಬ ದೀಪದಿಂದ ಲೋಕವನ್ನು ಬೆಳಗಿದ ಜಿನೇಂದ್ರನಿಗೆ ವಂದಿಸಿ ಆರಂಭವಾಗುವ ಈ ಗ್ರಂಥದಲ್ಲಿ ಅಮೋಘವರ್ಷ ನೃಪತುಂಗನ ಪ್ರಶಂಸೆಯಿದೆ. ಈ ರಾಷ್ಟ್ರಕೂಟ ದೊರೆಯ ರಾಜಧಾನಿ ಮಾನ್ಯಖೇಟವು ಇಂದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿ, ಮಳಖೇಡವೆಂಬ ಊರಾಗಿದೆ. ಕವಿರಾಜಮಾರ್ಗವೂ ಇದೇ ಆಸ್ಥಾನದಲ್ಲಿ ಹುಟ್ಟಿತೆಂಬುದನ್ನು ಕನ್ನಡಿಗರು ಮರೆತಿಲ್ಲ; ಗಣಿತಸಾರಸಂಗ್ರಹವನ್ನು ಮಾತ್ರ ಬಹುಕಾಲ ಮರೆತಿದ್ದರು. ಮದ್ರಾಸಿನ ಪ್ರೊ. ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಕೂಡಿಸಿ ಪರಿಷ್ಕರಿಸಿ, ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಪ್ರಕಟಿಸಿದರು. ಅದಕ್ಕೂ ನಾಲ್ಕು ವರ್ಷ ಮುಂಚೆಯೇ, 1908ರಲ್ಲಿ, ರೋಮ್ ನಗರದ ಅಂತಾರಾಷ್ಟ್ರೀಯ ಗಣಿತ ಸಮ್ಮೇಳನದಲ್ಲಿ ಅಮೆರಿಕದ ಡೇವಿಡ್ ಯೂಜೀನ್ ಸ್ಮಿತ್ ಇದರ ಪರಿಚಯ ಮಾಡಿಕೊಟ್ಟಿದ್ದರು. 1963ರಲ್ಲಿ ಸೊಲ್ಲಾಪುರದ ಜೈನ ಸಂಸ್ಕೃತಿ ಸಂರಕ್ಷಕ ಸಂಘವು ಲಕ್ಷ್ಮೀಚಂದ್ರ ಜೈನರ ಹಿಂದಿ ಅನುವಾದವನ್ನು ಹೊರತಂದಿತು. ಡಾ. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಬೆಳಕು ಕಂಡದ್ದು 2000ದಲ್ಲಿ. ಕನ್ನಡ ನಾಡಿನ ಗ್ರಂಥವು ಕನ್ನಡಕ್ಕೆ ಬರಲು ಹಿಡಿದ ಕಾಲವನ್ನು ಗಮನಿಸಿದರೆ ತುಸು ಸಂಕೋಚವೇ ಆಗುತ್ತದೆ.

ಈ ಗ್ರಂಥದ ಏಳನೆಯ ಪ್ರಕರಣವೇ ಕ್ಷೇತ್ರಗಣಿತ. ಕ್ಷೇತ್ರಗಳನ್ನು ತ್ರಿಭುಜ, ಚತುರ್ಭುಜ, ವೃತ್ತ ಎಂದು ಮೂರಾಗಿ ವಿಂಗಡಿಸಿ, ತ್ರಿಭುಜಕ್ಕೆ ಮೂರು, ಚತುರ್ಭುಜಕ್ಕೆ ಐದು, ವೃತ್ತಕ್ಕೆ ಎಂಟು ಭೇದಗಳನ್ನು ಆಚಾರ್ಯರು ಹೇಳುತ್ತಾರೆ. ಚತುರ್ಭುಜದ ಐದು ಭೇದಗಳು ಇಂದಿನ ಶಾಲಾ ಬಾಲಕನಿಗೂ ಪರಿಚಿತವೇ: ನಾಲ್ಕೂ ಭುಜ ಸಮವಾದದ್ದು, ಎದುರುಬದುರಿನ ಭುಜಗಳು ಎರಡೆರಡಾಗಿ ಸಮವಾದದ್ದು, ಎರಡೇ ಭುಜ ಸಮವಾದದ್ದು, ಮೂರು ಸಮವಾದದ್ದು, ಯಾವುದೂ ಸಮವಲ್ಲದ ವಿಷಮ ಚತುರ್ಭುಜ. ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದನ್ನು ಅವರು ಪ್ರಕರಣದ ಬಾಗಿಲಲ್ಲೇ ಹೇಳಿಬಿಡುತ್ತಾರೆ. ಕ್ಷೇತ್ರಫಲವು ಎರಡು ಬಗೆಯದು, ವ್ಯಾವಹಾರಿಕ ಮತ್ತು ಸೂಕ್ಷ್ಮ. ಈ ಭೇದವು ಜಿನಪ್ರಣೀತವಾದುದು. ಆಮೇಲೆ ಪ್ರತಿಯೊಂದು ಆಕೃತಿಗೂ ಮೊದಲು ವ್ಯಾವಹಾರಿಕ ಫಲ, ಅನಂತರ ಬೇರೊಂದು ಭಾಗದಲ್ಲಿ ಸೂಕ್ಷ್ಮಫಲ, ಹೀಗೆ ಎರಡೆರಡು ಲೆಕ್ಕಗಳು. ಸ್ಥೂಲವಾದ ಲೆಕ್ಕವನ್ನು ಸ್ಥೂಲವೆಂದು ಹೆಸರಿಟ್ಟು ಕೊಡುವುದರಲ್ಲಿ ಒಂದು ನೈತಿಕತೆಯಿದೆ ಎಂದು ನನ್ನ ಭಾವನೆ.

ಚತುರ್ಭುಜದ ವ್ಯಾವಹಾರಿಕ ಸೂತ್ರ ಬಹಳ ಸುಲಭ. ಎದುರುಬದುರಿನ ಎರಡು ಭುಜಗಳನ್ನು ಕೂಡಿಸಿ ಅರ್ಧಮಾಡಬೇಕು. ಉಳಿದೆರಡು ಭುಜಗಳನ್ನೂ ಹಾಗೆಯೇ ಕೂಡಿಸಿ ಅರ್ಧಮಾಡಬೇಕು. ಎರಡು ಅರ್ಧಗಳನ್ನು ಗುಣಿಸಬೇಕು. ಒಂದು ಉದಾಹರಣೆ: ಭೂಮಿ, ಅಂದರೆ ತಳದ ಭುಜ, 14, ಮುಖ, ಅಂದರೆ ಮೇಲಿನ ಭುಜ, 4, ಎರಡು ಪಾರ್ಶ್ವಭುಜಗಳು ತಲಾ 13. ಸೂತ್ರದಂತೆ 9ನ್ನು 13ರಿಂದ ಗುಣಿಸಿ 117 ಬರುತ್ತದೆ. ಆದರೆ ಈ ಆಕೃತಿ ಶಾಲೆಯಲ್ಲಿ ನಾವು ತ್ರಾಪಿಜ್ಯವೆನ್ನುವ ಕ್ಷೇತ್ರ. ಮುಖದ ತುದಿಯಿಂದ ಭೂಮಿಗೆ ಲಂಬವನ್ನು ಇಳಿಸಿದರೆ ಅದರ ಉದ್ದ 12. ಆದ್ದರಿಂದ ನಿಜವಾದ ಫಲ 9ನ್ನು 12ರಿಂದ ಗುಣಿಸಿದ 108. ವ್ಯತ್ಯಾಸ 9. ತ್ರಿಭುಜವನ್ನು ಈ ಸೂತ್ರವು ಮುಖವು ಶೂನ್ಯವಾದ ಚತುರ್ಭುಜದಂತೆ ಕಾಣುತ್ತದೆ. 13, 14, 15 ಭುಜಗಳ ತ್ರಿಭುಜ ಭಾರತೀಯ ಗಣಿತಜ್ಞರಿಗೆಲ್ಲ ಪ್ರಿಯವಾದದ್ದು. ಅದರ ನಿಜಫಲ 84. ಸ್ಥೂಲಸೂತ್ರದಲ್ಲಿ 13 ಮತ್ತು 15ರ ಸರಾಸರಿ 14, ಅದನ್ನು 14ರ ಅರ್ಧವಾದ 7ರಿಂದ ಗುಣಿಸಿದರೆ 98. ಆರರಲ್ಲಿ ಒಂದು ಪಾಲು ಹೆಚ್ಚಾಯಿತು.

ಎರಡು ಉದಾಹರಣೆಗಳಲ್ಲೂ ಉತ್ತರ ನಿಜಕ್ಕಿಂತ ಹೆಚ್ಚಾದದ್ದು ಆಕಸ್ಮಿಕವಲ್ಲ. ಇದರ ಕಾರಣವನ್ನು ಪ್ರೌಢಶಾಲೆಯ ವಿದ್ಯಾರ್ಥಿಗೂ ತಿಳಿಯುವಂತೆ ಹೇಳಬಹುದು. ಒಂದು ಚತುರ್ಭುಜವನ್ನು ಕರ್ಣದಿಂದ ಸೀಳಿದರೆ ಎರಡು ತ್ರಿಭುಜಗಳಾಗುತ್ತವೆ. ಎರಡು ಭುಜಗಳ ಉದ್ದ ನಿಶ್ಚಿತವಾಗಿರುವ ತ್ರಿಭುಜವು ಅತಿಹೆಚ್ಚು ಕ್ಷೇತ್ರವನ್ನು ಒಳಗೊಳ್ಳುವುದು ಆ ಭುಜಗಳ ನಡುವಿನ ಕೋನ ಲಂಬಕೋನವಾದಾಗ. ಆಗ ಫಲವು ಭುಜಗಳ ಗುಣಲಬ್ಧದ ಅರ್ಧ. ಬೇರೆ ಯಾವ ಕೋನದಲ್ಲಿಯೂ ಅದಕ್ಕಿಂತ ಕಡಿಮೆಯೇ. ಹಾಗಾಗಿ ಚತುರ್ಭುಜದ ಫಲವು ಮೊದಲನೆಯ ಮತ್ತು ಎರಡನೆಯ ಭುಜಗಳ ಗುಣಲಬ್ಧದ ಅರ್ಧ ಹಾಗೂ ಮೂರನೆಯ ಮತ್ತು ನಾಲ್ಕನೆಯ ಭುಜಗಳ ಗುಣಲಬ್ಧದ ಅರ್ಧ, ಇವೆರಡರ ಮೊತ್ತವನ್ನು ಮೀರಲಾರದು. ಇನ್ನೊಂದು ಕರ್ಣದಿಂದ ಸೀಳಿದರೂ ಇಂತಹದೇ ಇನ್ನೊಂದು ಮಿತಿ ದೊರೆಯುತ್ತದೆ. ಈ ಎರಡು ಮಿತಿಗಳ ಸರಾಸರಿಯನ್ನು ತೆಗೆದು ನೋಡಿದರೆ ಅದು ಅಕ್ಷರಶಃ ಸ್ಥೂಲಸೂತ್ರವೇ ಆಗಿರುತ್ತದೆ. ಅಂದರೆ ಸ್ಥೂಲಸೂತ್ರದ ಉತ್ತರವು ನಿಜಫಲಕ್ಕಿಂತ ಎಂದೂ ಕಡಿಮೆಯಾಗದು. ನಾಲ್ಕೂ ಕೋನಗಳು ಲಂಬಕೋನಗಳಾದ ಆಯತದಲ್ಲಿ ಮಾತ್ರ ಎರಡೂ ಸಮ. ಉಳಿದೆಡೆಯೆಲ್ಲ ಸ್ಥೂಲವೇ ಅಧಿಕ. ಕ್ಷೇತ್ರ ಓರೆಯಾದಷ್ಟೂ ಅಧಿಕಾಂಶ ಬೆಳೆಯುತ್ತದೆ.

ಈ ಸೂತ್ರವು ನಮ್ಮ ನಾಡಿಗೆ ಮಾತ್ರ ಸೇರಿದ್ದಲ್ಲ. ಈಜಿಪ್ಟಿನ ಎಡ್ಫು ಎಂಬಲ್ಲಿ ಹೋರಸ್ ದೇವತೆಯ ದೊಡ್ಡ ದೇವಾಲಯವಿದೆ. ಕ್ರಿಸ್ತಪೂರ್ವ 100ರ ಸುಮಾರಿನಲ್ಲಿ ಅದರ ಗೋಡೆಯ ಮೇಲೆ ಆ ದೇವಾಲಯಕ್ಕೆ ಸೇರಿದ ಜಮೀನುಗಳ ಪಟ್ಟಿಯನ್ನು ಕೆತ್ತಿಸಿದ್ದಾರೆ. ನಾಲ್ಕು ಭುಜಗಳನ್ನು ಬರೆದು, ಇದೇ ಎದುರುಭುಜಗಳ ಸರಾಸರಿಯ ಕ್ರಮದಿಂದ ವಿಸ್ತೀರ್ಣವನ್ನು ಬರೆದಿದ್ದಾರೆ. ಮೂರು ಭುಜಗಳ ಹೊಲವಾದರೆ ನಾಲ್ಕನೆಯದನ್ನು ಇಲ್ಲವೆಂದು ಎಣಿಸಿ ಅದೇ ಸೂತ್ರ. ಬ್ಯಾಬಿಲೋನಿಯದ ಜೇಡಿಮಣ್ಣಿನ ಫಲಕಗಳಲ್ಲಿಯೂ ಈ ರೂಢಿ ಕಾಣುತ್ತದೆ. ಒಬ್ಬರಿಂದೊಬ್ಬರು ಕಲಿತರೆಂದು ಊಹಿಸಬೇಕಾಗಿಲ್ಲ. ಹೊಲದೊಳಗೆ ಬೆಳೆ ನಿಂತಿರುವಾಗ ಬದುವಿನ ಮೇಲೆ ನಡೆದು ಅಳೆಯಬಹುದಾದದ್ದು ನಾಲ್ಕು ಅಂಚುಗಳನ್ನು ಮಾತ್ರ. ಅಂಚುಗಳಿಂದಲೇ ಉತ್ತರ ಬೇಕೆಂದಾಗ ಮನಸ್ಸಿಗೆ ಮೊದಲು ಹೊಳೆಯುವುದು ಸರಾಸರಿ. ಹೆಚ್ಚುಕಡಿಮೆ ಆಯತದಂತಿರುವ ಗದ್ದೆಗಳಿಗೆ ಅದರಿಂದ ಹೆಚ್ಚಿನ ಹಾನಿಯಿಲ್ಲವೆಂಬುದನ್ನೂ ಒಪ್ಪಬೇಕು.

ಇನ್ನು ಸೂಕ್ಷ್ಮಫಲ. ಇದಕ್ಕೆ ಮಹಾವೀರಾಚಾರ್ಯರು ಎರಡು ದಾರಿಗಳನ್ನು ತೋರಿಸುತ್ತಾರೆ. ನಾಲ್ಕು ಭುಜಗಳ ಮೊತ್ತದ ಅರ್ಧದಿಂದ ಒಂದೊಂದು ಭುಜವನ್ನೂ ಕಳೆದು, ನಾಲ್ಕು ಶೇಷಗಳನ್ನು ಗುಣಿಸಿ, ವರ್ಗಮೂಲ ತೆಗೆಯುವುದು ಮೊದಲನೆಯದು. ಮುಖ ಮತ್ತು ಭೂಮಿಗಳ ಮೊತ್ತದ ಅರ್ಧವನ್ನು ಲಂಬದಿಂದ ಗುಣಿಸುವುದು ಎರಡನೆಯದು. ಇದು ವಿಷಮ ಚತುರ್ಭುಜಕ್ಕೆ ಸಲ್ಲದೆಂದು ಅವರೇ ಎಚ್ಚರಿಸುತ್ತಾರೆ. ಎರಡನೆಯದು ನಮ್ಮ ಮಕ್ಕಳು ಎಂಟನೆಯ ತರಗತಿಯ ಆಸುಪಾಸಿನಲ್ಲಿ ಕಲಿಯುವ ತ್ರಾಪಿಜ್ಯದ ಸೂತ್ರವೇ. ಮೊದಲನೆಯದು ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಕೊಟ್ಟ ಪ್ರಸಿದ್ಧ ಸೂತ್ರ.

ಈ ಪ್ರಸಿದ್ಧ ಸೂತ್ರಕ್ಕೂ ಒಂದು ಕಟ್ಟುಪಾಡಿದೆ. ನಾಲ್ಕು ಮೂಲೆಗಳೂ ಒಂದೇ ವೃತ್ತದ ಮೇಲಿರುವ ಚಕ್ರೀಯ ಚತುರ್ಭುಜಕ್ಕೆ ಮಾತ್ರ ಅದು ನಿಜ. ಬ್ರಹ್ಮಗುಪ್ತನೂ ಮಹಾವೀರಾಚಾರ್ಯರೂ ಸೂತ್ರದೊಡನೆ ಈ ನಿಬಂಧನೆಯನ್ನು ಬಾಯಿಬಿಟ್ಟು ಹೇಳಿಲ್ಲ. ನಮ್ಮವರೆಂಬ ಅಭಿಮಾನದಿಂದ ಈ ಕೊರತೆಯನ್ನು ಮುಚ್ಚಿಡುವುದು ಸಮ್ಯಗ್ಜ್ಞಾನಕ್ಕೆ ಒಪ್ಪುವ ನಡೆಯಲ್ಲ. ನಾಲ್ಕು ಸಮನಾದ ಕಡ್ಡಿಗಳನ್ನು ಮೂಲೆಗಳಲ್ಲಿ ಸಡಿಲವಾಗಿ ಜೋಡಿಸಿದ ಚೌಕಟ್ಟೊಂದನ್ನು ಊಹಿಸಿಕೊಳ್ಳಿ. ಪ್ರತಿ ಕಡ್ಡಿಯ ಉದ್ದ 25. ನೇರವಾಗಿ ನಿಂತಾಗ ಅದು ವರ್ಗ, ಫಲ 625. ತುಸು ಒತ್ತಿದರೆ ಕರ್ಣಗಳು 30 ಮತ್ತು 40 ಆಗುವ ವಜ್ರಾಕೃತಿ, ಫಲ 600. ಇನ್ನೂ ಒತ್ತಿದರೆ ಕರ್ಣಗಳು 14 ಮತ್ತು 48, ಫಲ 336. ಭುಜಗಳು ಬದಲಾಗಿಲ್ಲ, ಒಳಗಿನ ನೆಲ ಅರ್ಧದಷ್ಟಾಯಿತು. ಭುಜಗಳನ್ನೇ ನಂಬಿದ ಸೂತ್ರಗಳೆಲ್ಲ, ಸ್ಥೂಲವಾಗಲಿ ಸೂಕ್ಷ್ಮವಾಗಲಿ, ಮೂರು ಸಂದರ್ಭಗಳಲ್ಲಿಯೂ 625 ಎಂದೇ ಹೇಳುತ್ತವೆ. ಕ್ರಿ.ಶ. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯನು ಇದನ್ನು ಖಂಡತುಂಡವಾಗಿ ಹೇಳಿದ. ಲಂಬವನ್ನೂ ಕರ್ಣವನ್ನೂ ತಿಳಿಸದೆ ಚತುರ್ಭುಜದ ನಿಯತಫಲವನ್ನು ಕೇಳುವವನನ್ನು ಅವನು ಪಿಶಾಚಿಯೆಂದು ಕರೆಯುತ್ತಾನೆ. ಉತ್ತರ ಹೇಳಹೊರಟವನನ್ನೂ ಬಿಟ್ಟಿಲ್ಲ. ಬಯ್ಗುಳ ಕಟುವಾಯಿತು, ಆದರೆ ಮಾತು ಸತ್ಯ. ಚತುರ್ಭುಜಕ್ಕೆ ಐದನೆಯ ಅಳತೆಯೊಂದು ಬೇಕೇ ಬೇಕು.

ನೇರ ಅಂಚುಗಳಿಲ್ಲದ, ಅನೇಕ ಆಕೃತಿಗಳು ಕೂಡಿಕೊಂಡ ಕ್ಷೇತ್ರಗಳಲ್ಲಿ ಮಹಾವೀರಾಚಾರ್ಯರ ಪ್ರತಿಭೆ ಇನ್ನೂ ಸೊಗಸಾಗಿ ಕಾಣುತ್ತದೆ. ಯವದ ಕಾಳು, ಮುರಜವೆಂಬ ಮದ್ದಳೆ, ನಡುವು ಸಣ್ಣಗಿರುವ ಪಣವವೆಂಬ ವಾದ್ಯ, ಇಂದ್ರನ ವಜ್ರಾಯುಧ, ಆನೆಯ ದಂತ, ಎಳೆಯ ಚಂದ್ರ, ಗಾಲಿಯ ನೇಮಿ ಇವೆಲ್ಲ ಅವರಿಗೆ ಕ್ಷೇತ್ರಗಳು. (ಅವರ ವಜ್ರವು ಪಠ್ಯಪುಸ್ತಕದ ವಜ್ರಾಕೃತಿಯಲ್ಲ, ಅದು ಪಣವದ ಹಾಗೆ ನಡುವೆ ಕಿರಿದಾದ ಆಕೃತಿ.) ಇವುಗಳಿಗೆ ವ್ಯಾವಹಾರಿಕ ಕ್ರಮವೆಂದರೆ ತುದಿಯ ಅಗಲವನ್ನೂ ನಡುವಿನ ಅಗಲವನ್ನೂ ಕೂಡಿಸಿ ಅರ್ಧಮಾಡಿ ಉದ್ದದಿಂದ ಗುಣಿಸುವುದು. ಎಂದರೆ ಇಡೀ ಆಕೃತಿಯನ್ನು ಬೆನ್ನಿಗೆ ಬೆನ್ನು ತಾಗಿದ ಎರಡು ತ್ರಾಪಿಜ್ಯಗಳೆಂದು ಭಾವಿಸುವುದು. ಸೂಕ್ಷ್ಮ ಕ್ರಮ ಬೇರೆ: ಮುರಜವಾದರೆ ನಡುವಿನ ಆಯತದ ಫಲಕ್ಕೆ ಎರಡು ಪಕ್ಕಗಳ ಬಿಲ್ಲಿನಾಕಾರದ ತುಂಡುಗಳ ಫಲವನ್ನು ಕೂಡಿಸಬೇಕು, ಪಣವ, ವಜ್ರಗಳಾದರೆ ಆಯತದಿಂದ ಎರಡು ಬಿಲ್ಲುಗಳನ್ನು ಕಳೆಯಬೇಕು. ಕೂಡಿಸುವ ಮತ್ತು ಕಳೆಯುವ ಈ ಉಪಾಯವೇ ಸಂಯುಕ್ತ ಆಕೃತಿಗಳ ಪಾಠದ ತಿರುಳು. ಸ್ಥೂಲಕ್ರಮದ ತಪ್ಪು ಇಲ್ಲಿ ಒಂದೇ ದಿಕ್ಕಿಗೆ ಓಡುವುದಿಲ್ಲವೆಂಬುದು ಕುತೂಹಲದ ಸಂಗತಿ. ಹೊರಕ್ಕೆ ಉಬ್ಬಿದ ಮದ್ದಳೆಯಲ್ಲಿ ನೇರ ಗೆರೆಯು ಬಾಗಿನ ಒಳಗಡೆ ಹಾಯುವುದರಿಂದ ಫಲ ಕಡಿಮೆ ಬರುತ್ತದೆ. ಒಳಕ್ಕೆ ಬಾಗಿದ ಪಣವದಲ್ಲಿ ಹೆಚ್ಚು ಬರುತ್ತದೆ.

ಪರಸ್ಪರ ತಾಗಿರುವ ನಾಲ್ಕು ಸಮವೃತ್ತಗಳ ನಡುವೆ ಉಳಿಯುವ ಎಡೆಯ ಫಲವನ್ನೂ ಅವರು ಕೇಳುತ್ತಾರೆ. ವ್ಯಾಸದ ವರ್ಗದಿಂದ ಒಂದು ವೃತ್ತದ ಫಲವನ್ನು ಕಳೆದರೆ ಅದೇ ಉತ್ತರ. ನಾಲ್ಕು ನಾಣ್ಯಗಳನ್ನಿಟ್ಟು ಮಕ್ಕಳಿಗೆ ಇದನ್ನು ತೋರಿಸಬಹುದು. ಪ್ರೌಢಶಾಲೆಯ ಪುಸ್ತಕಗಳಲ್ಲಿ ಈ ಲೆಕ್ಕ ಈಗಲೂ ಕಾಣಿಸಿಕೊಳ್ಳುತ್ತದೆ. ವ್ಯಾಸ 4 ಆದರೆ, ವೃತ್ತಪರಿಧಿಯ ಪ್ರಮಾಣವನ್ನು ಸ್ಥೂಲವಾಗಿ 3 ಎಂದು ಹಿಡಿದಾಗ ಎಡೆಯ ಫಲ 4. ಸೂಕ್ಷ್ಮವಾಗಿ 10ರ ವರ್ಗಮೂಲವೆಂದು ಹಿಡಿದಾಗ ಸುಮಾರು 3.35, ಇಂದಿನ ಲೆಕ್ಕದಲ್ಲಿ ಸುಮಾರು 3.43. 10ರ ವರ್ಗಮೂಲವು ಜಂಬೂದ್ವೀಪದ ಪರಿಧಿಯನ್ನು ಗಣಿಸಲು ಜೈನಾಚಾರ್ಯರು ಬಳಸಿದ ಪ್ರಮಾಣವೇ ಎಂಬುದು ಕರಣಾನುಯೋಗವನ್ನು ಓದಿದವರಿಗೆ ತಿಳಿದಿದೆ. ಆಯತವೃತ್ತ, ಅಂದರೆ ದೀರ್ಘವೃತ್ತದ ಫಲಕ್ಕೂ ಬಿಲ್ಲಿನ ಫಲಕ್ಕೂ ಅವರು ಸೂಕ್ಷ್ಮವೆಂದು ಕೊಟ್ಟ ಸೂತ್ರಗಳು ವಾಸ್ತವವಾಗಿ ನಿಖರವಲ್ಲ. ಅವರ ಕಾಲಕ್ಕೆ ಸೂಕ್ಷ್ಮವಾದದ್ದು ನಮ್ಮ ಕಾಲಕ್ಕೆ ಸ್ಥೂಲವಾಯಿತು.

ಸಂಯುಕ್ತ ಆಕೃತಿಯ ವಿಷಯ ಬಂದಾಗ ಲೋಕಾಕಾರವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ನಮ್ಮ ಮನೆಗಳ ಪಂಚಾಂಗಗಳ ಮೇಲೂ ಬಸದಿಗಳ ದ್ವಾರಗಳ ಮೇಲೂ ಕಾಣುವ ಆ ಚಿಹ್ನೆ ತ್ರಾಪಿಜ್ಯಗಳಿಂದಲೇ ಕಟ್ಟಿದ್ದು. ದಿಗಂಬರ ಪರಂಪರೆಯ ಪ್ರಕಾರ ಲೋಕದ ಎತ್ತರ 14 ರಜ್ಜು. ತಳದಲ್ಲಿ ಅಗಲ 7 ರಜ್ಜು, ಮಧ್ಯಲೋಕದಲ್ಲಿ 1, ಬ್ರಹ್ಮಲೋಕದಲ್ಲಿ 5, ಶಿಖರದಲ್ಲಿ ಮತ್ತೆ 1. ಅಧೋಲೋಕವು 7 ಎತ್ತರದ ಒಂದು ತ್ರಾಪಿಜ್ಯ: 7 ಮತ್ತು 1ರ ಸರಾಸರಿ 4, ಫಲ 28 ವರ್ಗರಜ್ಜು. ಊರ್ಧ್ವಲೋಕವು ತಲಾ ಮೂರೂವರೆ ಎತ್ತರದ ಎರಡು ತ್ರಾಪಿಜ್ಯಗಳು: ಸರಾಸರಿ ಅಗಲ 3, ಒಂದೊಂದರ ಫಲ ಹತ್ತೂವರೆ, ಎರಡೂ ಸೇರಿ 21. ಒಟ್ಟು 49. ದಪ್ಪವು ಎಲ್ಲೆಡೆಯೂ 7 ರಜ್ಜು ಆದ್ದರಿಂದ ಘನಫಲ 343 ಘನರಜ್ಜು. ಅಧೋಲೋಕದ ಓರೆಯ ತುಂಡನ್ನು ಕತ್ತರಿಸಿ ತಲೆಕೆಳಗಾಗಿ ಜೋಡಿಸಿದರೆ 4 ಅಗಲದ ಆಯತ. ಊರ್ಧ್ವಲೋಕವನ್ನೂ ಹಾಗೆಯೇ ಮಾಡಿದರೆ 3 ಅಗಲದ ಆಯತ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟರೆ 7ಕ್ಕೆ 7ರ ವರ್ಗ. ಕಾಗದವನ್ನು ಕತ್ತರಿಸಿ ಯಾವ ಮಗುವೂ ಇದನ್ನು ಮಾಡಿನೋಡಬಹುದು.

ಅಮೋಘವರ್ಷನ ಗುರುಗಳಾದ ಜಿನಸೇನರಿಗೂ ಗುರುಗಳಾಗಿದ್ದ ವೀರಸೇನಾಚಾರ್ಯರು ಧವಲಾ ಟೀಕೆಯಲ್ಲಿ ಇದೇ ಆಕೃತಿಯನ್ನು ಕುರಿತು ವಾದ ನಡೆಸಿದ್ದಾರೆ. ಧವಲಾ ಕ್ರಿ.ಶ. 816ರಲ್ಲಿ ಮುಗಿಯಿತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ಲೋಕವು ಮೃದಂಗದಂತೆ ದುಂಡಗಿದೆಯೆಂದು ಹೇಳುವವರಿದ್ದರು. ವೀರಸೇನರು ಅದನ್ನು ಬಾಯಿಮಾತಿನಿಂದ ಅಲ್ಲಗಳೆಯಲಿಲ್ಲ. ದುಂಡಾದ ಆಕೃತಿಯನ್ನು ಬಿಡಿಬಿಡಿಯಾಗಿ ಸೀಳಿ, ಉಳಿದ ತುಂಡುಗಳನ್ನು ಮತ್ತೆ ಮತ್ತೆ ಸೀಳಿ, ಅವುಗಳ ಫಲವನ್ನೆಲ್ಲ ಕೂಡಿಸಿ, ಹಾಗಿದ್ದರೆ ಲೋಕದ ಘನಫಲ ಸುಮಾರು 164 ಘನರಜ್ಜು ಮಾತ್ರ ಆದೀತೆಂದು ತೋರಿಸಿದರು. ಆಗಮ ಪರಂಪರೆಯ 343ಕ್ಕೆ ಅದು ಹೊಂದಲಿಲ್ಲ. ಆಕೃತಿಯ ಬಗೆಗಿನ ಅಭಿಪ್ರಾಯಭೇದವನ್ನು ಅಳತೆಯಿಂದ ಪರೀಕ್ಷಿಸಿದ ಈ ಕ್ರಮವು ಪ್ರಶಂಸನೀಯವಾದುದು. ಈ ಧವಲಾ ಗ್ರಂಥವನ್ನು ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಕಾಪಾಡಿಕೊಂಡು ಬಂದದ್ದು ನಮ್ಮ ಮೂಡುಬಿದಿರೆ. 1939ರಿಂದ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅದು ಮುದ್ರಣಗೊಂಡು ಎಲ್ಲರ ಕೈಗೆ ಬಂತು.

ಲೋಕದಿಂದ ಈಗ ನಿವೇಶನಕ್ಕೆ ಇಳಿಯೋಣ. ಮೂಲೆ ತಿರುಗಿದ ನಿವೇಶನಗಳ ಕ್ರಯಪತ್ರವನ್ನು ತೆರೆದು ಷೆಡ್ಯೂಲನ್ನು ಓದಿದವರು ಗಮನಿಸಿರಬಹುದು. ಪೂರ್ವ ಪಶ್ಚಿಮ ಎರಡು ಅಳತೆಗಳನ್ನು ಕೂಡಿಸಿ ಎರಡರಿಂದ ಭಾಗಿಸಿದಂತೆ, ಉತ್ತರ ದಕ್ಷಿಣವನ್ನೂ ಹಾಗೆಯೇ ಭಾಗಿಸಿದಂತೆ ಬರೆದು, ಗುಣಲಬ್ಧವನ್ನು ಚದರಡಿಯೆಂದು ಕಾಣಿಸಿರುತ್ತಾರೆ. ಎಡ್ಫುವಿನ ಗೋಡೆಯ ಸೂತ್ರ, ಗಣಿತಸಾರಸಂಗ್ರಹದ ವ್ಯಾವಹಾರಿಕ ಸೂತ್ರ, ಇಂದಿಗೂ ಹೀಗೆ ಬದುಕಿದೆ. ಬಿಟ್ಟುಹೋದದ್ದೆಂದರೆ ಮಹಾವೀರಾಚಾರ್ಯರು ಅದಕ್ಕೆ ಕೊಟ್ಟ ಹೆಸರು. ಇದು ಸ್ಥೂಲವೆಂದು ಯಾವ ಪತ್ರವೂ ಹೇಳುವುದಿಲ್ಲ.

ಒಂದು ನಿವೇಶನವನ್ನು ತೆಗೆದುಕೊಳ್ಳಿ. ಉತ್ತರದ ಅಂಚು 30 ಅಡಿ, ದಕ್ಷಿಣದ ಅಂಚು 60 ಅಡಿ, ಎರಡೂ ಸಮಾಂತರ. ಪಶ್ಚಿಮದ ಅಂಚು 40 ಅಡಿ, ಎರಡಕ್ಕೂ ಲಂಬವಾಗಿ ನಿಂತಿದೆ. ಪೂರ್ವದ್ದು ಓರೆಯಾಗಿ 50 ಅಡಿ. ಸ್ಥೂಲಸೂತ್ರದಲ್ಲಿ 45ನ್ನು 45ರಿಂದ ಗುಣಿಸಿ 2025 ಚದರಡಿ. ನಾಲ್ಕು ಶೇಷಗಳ ವರ್ಗಮೂಲದ ಸೂತ್ರದಲ್ಲಿ 60, 50, 30, 40 ಇವುಗಳ ಗುಣಲಬ್ಧದ ಮೂಲ, ಸುಮಾರು 1897 ಚದರಡಿ. ಮುಖ ಮತ್ತು ಭೂಮಿಯ ಸರಾಸರಿಯನ್ನು ಲಂಬದಿಂದ ಗುಣಿಸಿದರೆ 1800. ನೆಲದ ಮೇಲೆ ನಿಜವಾಗಿ ಇರುವುದು ಈ 1800 ಮಾತ್ರ. ಕೊಳ್ಳುವವನು 2025ಕ್ಕೆ ಹಣ ಕೊಟ್ಟರೆ, 225 ಚದರಡಿ ಆಕಾಶಕ್ಕೆ ಬೆಲೆ ಕೊಟ್ಟಂತಾಯಿತು. ಎಂಟಕ್ಕೆ ಒಂದು ಪಾಲು ಹೆಚ್ಚು ತೂಗಿದ ತಕ್ಕಡಿಯನ್ನು ಯಾವ ಸಂತೆಯಲ್ಲಿಯೂ ಯಾರೂ ಸಹಿಸಲಾರರು.

ಮಾರುವವನಿಗೆ ಇದು ತಿಳಿಯದಿದ್ದರೆ ದೋಷವುಂಟೇ? ಸೂತ್ರಕಾರರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮತ್ತಯೋಗವೆಂಬ ಪದವನ್ನು ಬಳಸುತ್ತಾರೆ. ಆ ಪದವು ಚೌರ್ಯದ ಲಕ್ಷಣಕ್ಕೂ ಅನ್ವಯಿಸುತ್ತದೆಂದು ವ್ಯಾಖ್ಯಾನಕಾರರು ಹೇಳಿದ್ದಾರೆ. ಕದಿಯಬೇಕೆಂಬ ಸಂಕಲ್ಪವಿಲ್ಲದವನು ಕಳ್ಳನಲ್ಲ, ನಿಜ. ಆದರೆ ತಿಳಿದುಕೊಳ್ಳಬಹುದಾದದ್ದನ್ನು ಅಲಕ್ಷ್ಯದಿಂದ ತಿಳಿದುಕೊಳ್ಳದಿರುವುದಕ್ಕೆ ಪ್ರಮಾದವೆಂದೇ ಹೆಸರು. ಲಾಭವು ಪ್ರತಿಸಾರಿಯೂ ತನ್ನ ಕಡೆಗೇ ಬೀಳುತ್ತಿರುವಾಗ ಅಜ್ಞಾನದ ನೆಪ ದುರ್ಬಲವಾಗುತ್ತದೆ. ವಾಚಕರು ಇದನ್ನು ಬೇರೆ ರೀತಿಯಲ್ಲಿ ವಿವೇಚಿಸಬಹುದು. ನನಗಂತೂ ಹೀಗೆ ತೋರುತ್ತದೆ.

ಬಸದಿಗಳ ಆಡಳಿತ ಮಂಡಳಿಗಳಿಗೆ ಈ ವಿಷಯ ದೂರದ್ದಲ್ಲ. ಕ್ರಿ.ಶ. 860ರಲ್ಲಿ ಇದೇ ಅಮೋಘವರ್ಷನು ತನ್ನ ಸಾಮಂತ ಬಂಕೇಯನ ಬಿನ್ನಹದ ಮೇರೆಗೆ, ಬಂಕೇಯನು ಕೊಳನೂರಿನಲ್ಲಿ ಕಟ್ಟಿಸಿದ ಜಿನಾಲಯಕ್ಕಾಗಿ ದೇವೇಂದ್ರಮುನಿಗೆ ತಲೆಯೂರು ಗ್ರಾಮವನ್ನೂ ಬೇರೆ ಊರುಗಳಲ್ಲಿ ಭೂಮಿಯನ್ನೂ ದತ್ತಿ ಕೊಟ್ಟ ಸಂಗತಿ ಕೊಣ್ಣೂರಿನ ಶಾಸನದಲ್ಲಿದೆ. ಈಗ ಇರುವುದು ಆ ದತ್ತಿಯ ನಂತರದ ಕಾಲದ ಶಿಲಾಪ್ರತಿ. ಅಲ್ಲಿಂದೀಚೆಗೆ ಮತ್ತರು, ಕಮ್ಮಗಳ ಲೆಕ್ಕದಲ್ಲಿ ಬಸದಿಗಳಿಗೆ ಬಿಟ್ಟ ಭೂಮಿಯ ಉಲ್ಲೇಖಗಳು ನಮ್ಮ ಶಾಸನಗಳಲ್ಲಿ ಹೇರಳವಾಗಿವೆ. ಅಳೆಯಲು ಬಳಸಿದ ಗಳೆಯ ಹೆಸರನ್ನೂ ಎಷ್ಟೋ ಕಡೆ ಹೇಳಿದ್ದಾರೆ. ಇಂದು ಉಳಿದಿರುವ ಅಲ್ಪಸ್ವಲ್ಪ ಭೂಮಿಯನ್ನು ಗೇಣಿಗೋ ಬಾಡಿಗೆಗೋ ಕೊಡುವಾಗ ಸ್ಥೂಲಫಲದ ಮೇಲೆ ದರ ಹಾಕಿದರೆ, ಒಕ್ಕಲು ಇಲ್ಲದ ನೆಲಕ್ಕೂ ಹಣ ತೆರುತ್ತಾನೆ. ಆ ಹಣ ಪೂಜೆಗೆ ಸಲ್ಲುತ್ತದೆ. ಭೂಮಿಯನ್ನು ಟ್ರಸ್ಟು ಕೊಳ್ಳುವಾಗ ನಷ್ಟ ದಾನಿಗಳದು.

ಕನ್ನಡದಲ್ಲಿಯೇ ಕ್ಷೇತ್ರಗಣಿತವನ್ನು ಬರೆದ ಜೈನಕವಿ ರಾಜಾದಿತ್ಯನನ್ನು ಇಲ್ಲಿ ನೆನೆಯಬೇಕು. ಪೂವಿನಬಾಗೆಯ ಈ ಪಂಡಿತ 12ನೆಯ ಶತಮಾನದವನು. ವ್ಯವಹಾರಗಣಿತ, ಕ್ಷೇತ್ರಗಣಿತ, ಚಿತ್ರಹಸುಗೆ ಮೊದಲಾದವು ಅವನ ಕೃತಿಗಳು. ಸಂಸ್ಕೃತ ಬಾರದ ವರ್ತಕನಿಗೂ ರೈತನಿಗೂ ಅಳತೆಯ ವಿದ್ಯೆ ಅವರ ನುಡಿಯಲ್ಲೇ ಲಭಿಸಲೆಂಬ ಉದ್ದೇಶ ಇಂತಹ ಕೃತಿಗಳ ಹಿಂದೆ ಇದ್ದಂತೆ ತೋರುತ್ತದೆ.

ಸರ್ಕಾರದ ಮೋಜಣಿಯ ಹಳೆಯ ಟಿಪ್ಪಣಿಗಳನ್ನು ನೋಡಿದರೆ ಅಲ್ಲಿ ಅನುಸರಿಸಿದ ದಾರಿ ಸೂಕ್ಷ್ಮದ್ದೇ. ಹೊಲದ ಒಂದು ಮೂಲೆಯಿಂದ ಇನ್ನೊಂದಕ್ಕೆ ಆಧಾರರೇಖೆಯನ್ನು ಎಳೆದು, ಪ್ರತಿ ಮೂಲೆಯಿಂದಲೂ ಅದಕ್ಕೆ ಲಂಬವನ್ನು ಇಳಿಸುತ್ತಾರೆ. ಎಷ್ಟೇ ಸೊಟ್ಟಗಿನ ಹೊಲವೂ ಆಗ ಲಂಬಕೋನ ತ್ರಿಭುಜಗಳಾಗಿ, ತ್ರಾಪಿಜ್ಯಗಳಾಗಿ ಒಡೆಯುತ್ತದೆ. ಒಂದೊಂದರ ಫಲವನ್ನು ಕೂಡಿಸಿದರೆ ಆಯಿತು. 33 ಅಡಿಗೆ 33 ಅಡಿ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ತೊಂದರೆ ಬರುವುದು ಇಂತಹ ಟಿಪ್ಪಣಿ ಇಲ್ಲದೆ, ಚಕ್ಕುಬಂದಿಯೂ ನಾಲ್ಕು ಅಂಚುಗಳ ಉದ್ದವೂ ಮಾತ್ರ ಬರೆದಿಟ್ಟ ತುಂಡುಗಳಲ್ಲಿ. ಅಲ್ಲಿ ಒಂದು ಕರ್ಣವನ್ನು ಅಳೆದುಕೊಂಡರೆ ಸಾಕು. ಮೇಲೆ ಹೇಳಿದ ನಿವೇಶನದಲ್ಲಿ ನೈಋತ್ಯದ ಮೂಲೆಯಿಂದ ಈಶಾನ್ಯದ ಮೂಲೆಗೆ ಟೇಪು ಹಿಡಿದರೆ 50 ಅಡಿ ಬರುತ್ತದೆ. ಆಗ 30, 40, 50ರ ಒಂದು ತ್ರಿಭುಜ, 50, 50, 60ರ ಇನ್ನೊಂದು ತ್ರಿಭುಜ. ಮೂರು ಭುಜಗಳ ಮೊತ್ತದ ಅರ್ಧವನ್ನೂ, ಅದರಿಂದ ಒಂದೊಂದು ಭುಜವನ್ನು ಕಳೆದ ಶೇಷಗಳನ್ನೂ ಗುಣಿಸಿ ಮೂಲ ತೆಗೆದರೆ ಮೊದಲನೆಯದು 600, ಎರಡನೆಯದು 1200. ಒಟ್ಟು 1800. ಇದಕ್ಕೆ ಬೇಕಾದುದು ಒಂದು ಟೇಪು, ಹಿಡಿಯಲು ಇಬ್ಬರು, ಮತ್ತು ಅರ್ಧ ಗಂಟೆಯ ಬಿಡುವು.